ಹೆಬ್ಬೆರಳಿನ ಭಾರ

ಮಾರ್ಚ್ 4
ಬೆಳಗಿನ ರಕ್ತ ಬಂತು. ಎಂದಿನಂತೆ ಆರೋಗ್ಯವಂತರದ್ದು ನನಗೆ, ಸಂಧಿವಾತದ ರೋಗಿಗಳದ್ದು ಗುಡುಗಿಗೆ. ಲ್ಯಾಬಿನವರು ನನ್ನ ಜೂನಿಯರ್‌ಗೆ ಇಟ್ಟ ಹೆಸರದು. ಅವಳು ಬಾಗಿಲು ಹಾಕಿದರೆ ಕಿಟಕಿ ನಡುಗುತ್ತದೆ. ಬಿಳಿ ರಕ್ತಕಣ ಬೇರ್ಪಡಿಸಿ ಗಾಜಿನ ಮೇಲೆ ಬಿಡುವುದು, ಎಷ್ಟು ಕೆರಳಿವೆ ನೋಡುವುದು — ಇದೇ ಕೆಲಸ, ವರ್ಷಗಳಿಂದ. ನನ್ನವು ಗುಂಡಗಿದ್ದವು, ತೆಪ್ಪಗಿದ್ದವು. ಅವಳವು ಕೈಕಾಲು ಚಾಚಿ ಹರಿದಾಡುತ್ತಿದ್ದವು.
“ನೋಡಿ ಅಕ್ಕಾ! ಕಾಯಿಲೆಯವರ ಕಣ ಮೈಯೊಳಗೇ ಕೆರಳಿರುತ್ತೆ!”
ಗೈಡ್ ಸರ್ ಶಹಭಾಸ್ ಎಂದರು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದಿಲ್ಲ. ಹೊಟ್ಟೆ ಉರಿಯಿತು.

ಮಾರ್ಚ್ 9
ಗೊತ್ತಾಯಿತು! ಪಕ್ಕದಲ್ಲಿ ನಿಂತು ಅವಳ ಕೈ ನೋಡಿದೆ. ದ್ರವ ಹೀರಿ ಬಿಡುವ ಪಿಪೆಟ್ಟಿನ ಗುಂಡಿಯನ್ನು ಕರೆಗಂಟೆ ಒತ್ತಿದ ಹಾಗೆ ಒತ್ತುತ್ತಾಳೆ. ಕಣಗಳು ಸಣ್ಣ ತೂತಿನಿಂದ ರಭಸವಾಗಿ ಹೊರಬೀಳುತ್ತವೆ. ಆ ನೂಕು, ಆ ಉಜ್ಜಾಟ ಸಾಕು — ಕಾಯಿಲೆ ಇಲ್ಲದ ಕಣವೂ ಶತ್ರು ಬಂದನೆಂದು ಎದ್ದು ಕೂರುತ್ತದೆ. ಅವಳು ಊಟಕ್ಕೆ ಹೋದಾಗ ನನ್ನ ಆರೋಗ್ಯವಂತರ ಕಣಗಳನ್ನೇ ಹಾಗೆ ಒತ್ತಿ ನೋಡಿದೆ. ಕೆರಳಿದವು. ರೋಗವೂ ಇಲ್ಲ, ಮಣ್ಣೂ ಇಲ್ಲ. ಬರೀ ಹೆಬ್ಬೆರಳು.
ಸಂಜೆ ಅವಳೇ ಕೇಳಿದಳು, “ಅಕ್ಕಾ, ನನ್ನ ಕೈ ಸ್ವಲ್ಪ ಒರಟಾ?”
“ಛೆ, ಬಂಗಾರದಂಥ ಕೈ ಕಣೇ.”
ಅವಳಿಗೆ ಖುಷಿಯಾಯಿತು. ನನಗೂ.

ಮಾರ್ಚ್ 22
ಮುಂದಿನ ವರ್ಷಕ್ಕೆ ಒಂದೇ ಫೆಲೋಶಿಪ್. ಅವಳು, ಇಲ್ಲವೇ ನಾನು. ಶುಕ್ರವಾರ ಅದರ ಕಮಿಟಿ ಎದುರು ಅವಳ ಸೆಮಿನಾರ್. ಸ್ಲೈಡ್‌ಗಳನ್ನು ನಾನೇ ತಿದ್ದಿಕೊಟ್ಟೆ. ಚೆನ್ನಾಗಿ ಬಂದಿವೆ.

ಶುಕ್ರವಾರ
ಮೊದಲ ಪ್ರಶ್ನೆ ನನ್ನದೇ. “ರೋಗಿಗಳ ಸ್ಯಾಂಪಲ್ ಎಲ್ಲಾ ನೀನೇ ಮಾಡಿದ್ದಲ್ವಾ? ಆರೋಗ್ಯವಂತರದ್ದು ಒಂದಾದ್ರೂ ನಿನ್ನ ಕೈಲಿ ಮಾಡಿ ನೋಡಿದ್ಯಾ?”
“ಇಲ್ಲ... ಅದು ನೀವೇ ಅಲ್ವಾ ಅಕ್ಕ...”
ಅವತ್ತು ಅವಳು ಊಟಕ್ಕೆ ಹೋದಾಗ ತೆಗೆದಿಟ್ಟ ಕಣಗಳ ಫೋಟೋಗಳನ್ನು ತೆರೆಯ ಮೇಲೆ ಹಾಕಿದೆ. ಆರೋಗ್ಯವಂತರ ಒಂದೇ ರಕ್ತ: ಮೆಲ್ಲಗೆ ಒತ್ತಿದ್ದು, ಜೋರಾಗಿ ಒತ್ತಿದ್ದು. ಯಾರೋ ಕಿಸಕ್ಕೆಂದರು. ಸರ್ ಅವಳ ಕಡೆ ನೋಡಲೂ ಇಲ್ಲ. ಎಲ್ಲರ ಮುಂದೆ ಅತ್ತಳು. ಮೂಗೊರೆಸಿಕೊಳ್ಳುವುದೂ ಜೋರು. ನನಗೆ ಒಂದು ಚೂರೂ ಅಯ್ಯೋ ಅನ್ನಿಸಲಿಲ್ಲ. ಹಿತವಾಯಿತು.

ಏಪ್ರಿಲ್ 30
ಫೆಲೋಶಿಪ್ ನನ್ನದು. ಗುಡುಗು ಲ್ಯಾಬ್ ಬಿಟ್ಟಳು, ಅಪ್ಪನ ಅಂಗಡಿಯಲ್ಲಿ ಕೂರುತ್ತಾಳಂತೆ. ಇನ್ನು ಎರಡೂ ಬಗೆಯ ರಕ್ತ ನನಗೇ.

ಮೇ 17
ರೋಗಿಗಳ ಕಣ. ಕೂಸನ್ನು ಮಲಗಿಸಿದ ಹಾಗೆ ಗಾಜಿನ ಮೇಲೆ ಬಿಟ್ಟೆ. ಕೆರಳಿವೆ. ಉಸಿರು ಬಿಗಿಹಿಡಿದು ಮತ್ತೆ ಮಾಡಿದೆ. ಕೆರಳಿವೆ. ಆರೋಗ್ಯವಂತರವು ಅದೇ ಕೈಯಲ್ಲಿ — ತೆಪ್ಪಗಿವೆ. ಅವಳ ಕೈ ಒರಟು, ನಿಜ. ಆದರೆ ಅವಳು ಹೇಳಿದ್ದೂ ನಿಜ.

ಜೂನ್ 2
ಎಲ್ಲ ರೋಗಿಗಳದ್ದೂ ಹಾಗೇ. ಸರ್‌ಗೆ ತೋರಿಸಿದೆ.
“ನಿನ್ನ ಕೈಲಿ ಬಂತು ಅಂದ್ಮೇಲೆ ಅನುಮಾನ ಇಲ್ಲ. ಪೇಪರ್ ಬರಿ. ಆ ಹುಡುಗಿ ಹೆಸರೂ ಹಾಕ್ಬೇಕಾ...?”
“ಯಾಕೆ ಸರ್?” ಎಂದೆ. ಅವರೂ ಮುಂದೆ ಕೇಳಲಿಲ್ಲ.

ಸಂಜೆ 6
ಅವಳ ಫೋನ್. “ಅಕ್ಕಾ, ನಿಮ್ಮ ಮೇಲೆ ಬೇಜಾರಿಲ್ಲ. ತಪ್ಪು ತೋರಿಸ್ಕೊಟ್ರಿ. ಒಂದೇ ಕೇಳ್ತೀನಿ — ನಿಮ್ಮ ಕೈಲಿ ಕಾಯಿಲೆಯವರ ಕಣ ಹೇಗಿದ್ವು?”
“ತೆಪ್ಪಗಿದ್ವು ಕಣೇ.”
“ಹಾಗಾದ್ರೆ ಸರಿ ಅಕ್ಕ. ಬೇರೆ ಲ್ಯಾಬಿಗೆ ಅರ್ಜಿ ಹಾಕ್ಬೇಕು ಅಂತಿದ್ದೆ. ಬಿಟ್ಬಿಡ್ತೀನಿ.”
“ಒಳ್ಳೇದಾಯ್ತು ಬಿಡು” ಎಂದೆ. ಸರ್ ಕರೆಯುತ್ತಿದ್ದಾರೆ, ಪೇಪರಿಗೆ ಶೀರ್ಷಿಕೆ ಏನಿಡೋಣ ಎಂದು —