ಹುಳುವಿನ ಮನೆ ಮುಂದೆ ಸ್ಕೂಟರ್

ನನ್ನ ಅತ್ತೆಗೆ, ಅದಕ್ಕೂ ಮೊದಲು ನನ್ನ ಅಪ್ಪನ ಅಕ್ಕನಿಗೆ,

ಎಲ್ಲಿದ್ದೀಯೋ ಅಲ್ಲೇ ಸ್ವಲ್ಪ ಕೂತುಕೋ. ನಿಂತುಕೊಂಡು ಕೇಳುವ ಸುದ್ದಿ ಅಲ್ಲ ಇದು. ನಾನು ಗಾಡಿ ತೆಗೆದುಕೊಂಡೆ ಅತ್ತೆ. ಸ್ಕೂಟರ್! ಸೆಕೆಂಡ್ ಹ್ಯಾಂಡೇ, ಆದರೆ ಆರ್.ಸಿ. ನನ್ನ ಹೆಸರಿಗೆ ಆಗಿದೆ, ಲೈಸೆನ್ಸ್ ನನ್ನ ಪರ್ಸಿನಲ್ಲಿದೆ, ಓಡಿಸುವವಳು ನಾನೇ. ಹೌದು, ನಿನ್ನ ಸೊಸೆ ಸುಜಾತಳೇ, ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕಂಬಿ ಬಿಡದೆ ಕೂರುತ್ತಿದ್ದವಳು. ನೀನು ಹೋಗಿ ಎಂಟು ತಿಂಗಳಾಯಿತು. ಹೇಳುವುದು ಎಷ್ಟು ಸೇರಿಕೊಂಡಿದೆ ಎಂದರೆ, ಬೆಳಿಗ್ಗೆಯಿಂದ ಮೂರು ಸಲ ಪೆನ್ನು ಹಿಡಿದು ಮೂರು ಸಲವೂ ಗಾಡಿ ಒರೆಸಿ ಬರಲು ಎದ್ದು ಹೋದೆ.

ಕೋಲಾರದ ಆಸ್ಪತ್ರೆಯಲ್ಲಿ ನೀನು ಸೆರಗಿನ ಗಂಟು ಬಿಚ್ಚಿ, ರೇಷ್ಮೆ ಹುಳುವಿನ ಮನೆಯ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದ ಮಧ್ಯಾಹ್ನ ನೆನಪಿದೆಯಾ? ಮುಳಬಾಗಿಲು ಕಡೆಯಿಂದ ನನ್ನನ್ನು ನಿನ್ನ ಮಗನಿಗೆ ತಂದುಕೊಂಡು ಸುಗಟೂರಿಗೆ ಬಂದ ಮೇಲೆ ಇಪ್ಪತ್ತು ವರ್ಷದಲ್ಲಿ, ಆ ಬೀಗದ ಕೈ ನಿನ್ನ ಸೆರಗು ಬಿಟ್ಟು ಬೇರೆಲ್ಲೂ ಇದ್ದದ್ದನ್ನು ನಾನು ಕಂಡವಳಲ್ಲ. "ಮುಂದಿನ್ ಬೆಳೆ ನೀನ್ ತೆಗೀಬೇಕು ಕಣೇ," ಎಂದು ನೀನು ಹೇಳಿದೆ. ನಾನು ಏನು ಹೇಳಿದೆ? "ನೀನಿಲ್ದೆ ನನ್ ಕೈಲಾಗಲ್ಲ ಅತ್ತೆ. ಹುಳ ಸಾಕೋದು ನಿನ್ ಜೊತೇಗೇ ಮುಗೀತು." ಆ ಹೊತ್ತಿನಲ್ಲಿ ಆಡುವ ಮಾತಾ ಅದು? ನೀನು ಗೋಡೆ ಕಡೆ ತಿರುಗಿ ಮಲಗಿದೆ. ನಿದ್ದೆಯೋ, ಕೋಪವೋ... ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ನಮ್ಮಿಬ್ಬರಿಗೆ ಕೂತು ಮಾತಾಡಲು ಇನ್ನೊಂದು ದಿನ ಸಿಗಲಿಲ್ಲ. ಆವತ್ತಿನ ಮಾತನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ಹೇಳಿದ ಮಾತಿನಂತೆ ಮೂರು ತಿಂಗಳು ಬೀಗ ತೆಗೆಯಲೇ ಇಲ್ಲ. ತೆಗೆದರೂ ಒಬ್ಬಳೇ ಏನು ಮಾಡಲಿ? ನಮ್ಮ ಸೊಪ್ಪಿನ ತೋಟ ಕೆರೆ ಆಚೆ ಇದೆ. ದೊಡ್ಡ ಹುಳಕ್ಕೆ ದಿನಕ್ಕೆ ಮೂರು ಸಲ ಸೊಪ್ಪು ಕೊಡಬೇಕು, ನೀನೂ ನಾನೂ ಇಬ್ಬರು ಹೊತ್ತರೇ ಸಾಲುತ್ತಿರಲಿಲ್ಲ. ನಿನ್ನ ಮಗ ಮಂಜುನಾಥ ಬೆಳಗಾಗುವ ಮೊದಲೇ ಟೆಂಪೋದಲ್ಲಿ ತರಕಾರಿ ತುಂಬಿಕೊಂಡು ಕೋಲಾರಕ್ಕೆ ಹೋದರೆ ಊಟದ ಹೊತ್ತಿಗೆ ಬರುತ್ತಾನೆ. ಒಂದು ದಿನ ಹಿಪ್ಪುನೇರಳೆ ಗಿಡ ಸುಮ್ಮನೆ ಎತ್ತರ ಬೆಳೆದು, ಎಲೆ ಹಣ್ಣಾಗಿ ಉದುರುವುದನ್ನು ನೋಡಿ ಹೊಟ್ಟೆ ಉರಿದುಹೋಯಿತು. ಅಂದೇ ಮನೆಗೆ ಬಂದು, ಒಂದು ಗಾಡಿ ಇದ್ದರೆ ಬೆಳೆ ನಾನು ತೆಗೆಯುತ್ತೇನೆ ಎಂದು ಹೇಳಿಬಿಟ್ಟೆ. ನಿನ್ನ ಮಗ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಕೊನೆಗೆ ಒಪ್ಪಿದ, ಆದರೆ ಷರತ್ತು ಹಾಕಿ ಒಪ್ಪಿದ. ಒಂದು ಬೆಳೆ ನೋಡುವುದು. ಬೆಳೆ ಬಂದರೆ ಗಾಡಿ ಇರುತ್ತದೆ, ಹುಳುವಿನ ಮನೆಯೂ ಇರುತ್ತದೆ. ಕೆಟ್ಟರೆ ಗಾಡಿ ಮಾರಿ, ಹುಳುವಿನ ಮನೆಯನ್ನು ತರಕಾರಿ ಕ್ರೇಟ್ ಜೋಡಿಸುವುದಕ್ಕೆ ಅವನಿಗೆ ಬಿಟ್ಟುಕೊಡಬೇಕು.

ಕೆರೆ ಅಂಗಳದಲ್ಲಿ ನೀನು ಎಮ್ಮೆ ಮೇಯಿಸುತ್ತಿದ್ದ ಜಾಗದಲ್ಲೇ ನಾನು ಗಾಡಿ ಕಲಿತೆ. ಪಕ್ಕದ ಮನೆ ರತ್ನಮ್ಮನ ಗಾಡಿ, ಗುರು ನಿನ್ನ ಮೊಮ್ಮಗಳು ಚೈತ್ರ. ಕಾಲೇಜಿಗೆ ಹೋಗುವ ಹುಡುಗಿ ಎಲ್ಲಿ, ಯಾರ ಗಾಡಿಯಲ್ಲಿ ಕಲಿತಳೋ, ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊದಲ ದಿನ ಆಕ್ಸಿಲರೇಟರ್ ತಿರುಗಿಸಿದ್ದಕ್ಕೆ ಗಾಡಿ ಜಾಲಿ ಗಿಡದೊಳಗೆ ಹೋಯಿತು, ನಾನು ಮಾತ್ರ ಹೊರಗೆ ಉಳಿದೆ. ಎಂಟನೇ ದಿನ ಕೆರೆ ಏರಿ ಮೇಲೆ ಆ ತುದಿಯಿಂದ ಈ ತುದಿಗೆ ಕಾಲು ಕೆಳಗಿಡದೆ ಬಂದೆ. ಚೈತ್ರ ಚಪ್ಪಾಳೆ ತಟ್ಟಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಇನ್ನೊಂದು ಸುತ್ತು ಹೋಗಿ ಬಂದೆ.

ಸಂತೆಯಲ್ಲಿ ನೀನು ಹಸು ಕೊಳ್ಳುತ್ತಿದ್ದ ಚಂದ ನನಗೆ ಮುಳಬಾಗಿಲಿನಲ್ಲಿ ಗಾಡಿ ಕೊಳ್ಳುವಾಗ ಉಪಯೋಗಕ್ಕೆ ಬಂತು. ಇಷ್ಟವಾದ ಹಸುವಿನ ಕಡೆ ತಿರುಗಿಯೂ ನೋಡದೆ ಪಕ್ಕದ ಹಸುವಿನ ಬೆಲೆ ಕೇಳುತ್ತಿದ್ದೆಯಲ್ಲ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಗ್ಗ ಮುಟ್ಟುತ್ತಿರಲಿಲ್ಲವಲ್ಲ! ಗಾಡಿ ಒಬ್ಬ ರಿಟೈರ್ಡ್ ನರ್ಸಮ್ಮನದು. ಮಂಡಿ ನೋವಿಗೆ ಓಡಿಸುವುದು ಬಿಟ್ಟಿದ್ದರು. ಕೋಲಾರದ ಮೆಕ್ಯಾನಿಕ್ ಸಾದಿಕ್ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಅವನು ಹೇಳಿಕೊಟ್ಟಿದ್ದಂತೆ ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅಂದರೆ ನಾವು ಬರುತ್ತೇವೆಂದು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿಲ್ಲ. ಎರಡನೇ ಕಿಕ್‌ಗೆ ಎದ್ದಿತು. ಟೈರು, ಬ್ರೇಕು, ಚಾಸಿ ನಂಬರು, ಇನ್ಶೂರೆನ್ಸ್ ಪೇಪರು, ಎಲ್ಲ ನೋಡಿದೆವು. ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ, ಒಳಗೆ ಮಾತ್ರ ಕುಣಿಯುತ್ತಿದ್ದೆ. ನರ್ಸಮ್ಮ ಕೀ ಕೊಡುವ ಮೊದಲು ಸೆರಗಿನಿಂದ ಸೀಟು ಒರೆಸಿದರು. "ಜಾಗ್ರತ್ತಮ್ಮ. ಟ್ಯಾಂಕ್ ಫುಲ್ ಮಾತ್ರ ಮಾಡಿಸ್ಬೇಡ, ಅರ್ಧ ಹಾಕ್ಸಿದ್ರೆ ಸಾಕು," ಎಂದರು. ಈ ಮಾತು ನೆನಪಿಟ್ಟುಕೋ ಅತ್ತೆ. ನಾನು ಇಟ್ಟುಕೊಳ್ಳಲಿಲ್ಲ. ವಯಸ್ಸಾದವರು, ಖರ್ಚು ಕಡಿಮೆ ಮಾಡು ಎನ್ನುತ್ತಿದ್ದಾರೆ ಎಂದುಕೊಂಡೆ.

ಊರಿಗೆ ಬಂದ ಮೊದಲ ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಹಾಲಿನ ಕ್ಯಾನು ಡೈರಿಗೆ ಗಾಡಿಯಲ್ಲೇ. ಚೈತ್ರ ಬಸ್ ಸ್ಟಾಪಿಗೆ ಗಾಡಿಯಲ್ಲೇ. ಕರಿಬೇವು ತರುವುದಕ್ಕೂ ಗಾಡಿ ತೆಗೆಯುತ್ತಿದ್ದೆ, ಕರಿಬೇವಿನ ಗಿಡ ನಮ್ಮ ಹಿತ್ತಲಲ್ಲೇ ಇದೆ ಎನ್ನುವುದನ್ನು ನಿನ್ನ ಮಗ ನೆನಪಿಸಬೇಕಾಯಿತು. ಬೆಳಿಗ್ಗೆ ಬಟ್ಟೆ ಹಿಡಿದು ಒರೆಸುವುದು, ಟೈರು ಒತ್ತಿ ಗಾಳಿ ನೋಡುವುದು, ಬ್ರೇಕ್ ಹಿಡಿದು ನೋಡುವುದು, ಭಾನುವಾರ ಆಯಿಲ್ ಕಡ್ಡಿ ತೆಗೆದು ನೋಡುವುದು. ಸಾದಿಕ್ ಅಣ್ಣ ಹೇಳಿದ್ದನ್ನೆಲ್ಲ ವ್ರತದ ಹಾಗೆ ಮಾಡಿದೆ. ಬೀಗ ತೆಗೆದೆ, ಹುಳುವಿನ ಮನೆಗೆ ಸುಣ್ಣ ಹೊಡೆದೆ, ಮರಿ ಹುಳು ತಂದೆ. ಹುಳು ಮೇವು ಬಿಟ್ಟು ಪೊರೆ ಕಳಚುವ ಜ್ವರ ಇದೆಯಲ್ಲ, ಮೂರನೇ ಜ್ವರದವರೆಗೂ ಚೆನ್ನಾಗಿ ಎದ್ದವು. ಸೊಪ್ಪಿನ ಹೊರೆಯನ್ನು ಗೋಣಿಯಲ್ಲಿ ಸುತ್ತಿ ಹಿಂದಿನ ಸೀಟಿಗೆ ಬಿಗಿದುಕೊಂಡು ಏರಿ ಮೇಲೆ ಬರುವಾಗ ನನ್ನಂಥ ಸುಖಿ ಕೋಲಾರ ತಾಲೂಕಿನಲ್ಲೇ ಇರಲಿಲ್ಲ ಬಿಡು.

ಹುಳುವಿನ ಮನೆ ಬಾಗಿಲಲ್ಲಿ ನಿಂತು ನೀನು ಒಬ್ಬೊಬ್ಬರನ್ನೂ ಮೂಸಿ ಒಳಗೆ ಬಿಡುತ್ತಿದ್ದೆಯಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಬೀಡಿ ಸೇದಿದವರಿಗೆ ಪ್ರವೇಶ ಇಲ್ಲ. ಊದುಬತ್ತಿ ಹಚ್ಚಿ ಬಂದವರಿಗಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಘಮಘಮ ಪೌಡರ್ ಹಾಕಿಕೊಂಡು ಬಂದಾಗ, "ಏಮೇ, ನನ್ ಹುಳ ನಿನ್ ಮದ್ವೇಗ್ ಬಂದಿಲ್ಲ. ಹೋಗಿ ಸ್ನಾನ ಮಾಡ್ಕೊಂಡ್ ಬಾ," ಎಂದು ಎಲ್ಲರ ಮುಂದೆ ವಾಪಸ್ ಅಟ್ಟಿದೆ. ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ನಿನಗೆ ಗೊತ್ತೇ ಆಗಲಿಲ್ಲ, ಹುಳದ ಕೆಲಸದಲ್ಲಿದ್ದೆ. ಅಷ್ಟು ಚಿಕ್ಕ ಪ್ರಾಣಿಗೆ ವಾಸನೆ ಏನು ಮಾಡುತ್ತದೆ ಎಂದು ಆಗ ನನಗೆ ಅನ್ನಿಸಿತ್ತು.

ನಾಲ್ಕನೇ ಜ್ವರದಿಂದ ಹುಳು ಎದ್ದ ದಿನ, ಇನ್ನು ಸೊಪ್ಪು ಜಾಸ್ತಿ ಬೇಕು, ತಿರುಗಾಟ ಜಾಸ್ತಿ ಎಂದು ಉತ್ಸಾಹದಲ್ಲಿ ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿದೆ. ತುಂಬಿದ ಟ್ಯಾಂಕು, ಹಳ್ಳದ ದಾರಿ, ಮೇಲೆ ಸೊಪ್ಪಿನ ಹೊರೆ. ಮಧ್ಯಾಹ್ನ ಮಳೆ ಹಿಡಿಯಿತು. ಗಾಡಿ ನೆನೆಯುತ್ತದಲ್ಲ ಎಂದು ತಳ್ಳಿಕೊಂಡು ಬಂದು ಹುಳುವಿನ ಮನೆ ಜಗಲಿ ಮೇಲೆ ನಿಲ್ಲಿಸಿದೆ, ಕಿಟಕಿ ಪಕ್ಕದಲ್ಲಿ. ಸಂಜೆ ಮೇವು ಹಾಕಲು ಹೋದರೆ, ಮಧ್ಯಾಹ್ನ ಹಾಕಿದ ಸೊಪ್ಪು ಹಾಗೇ ಇದೆ. ಕಿಟಕಿ ಕಡೆಯ ತಟ್ಟೆಗಳಲ್ಲಿ ಹುಳು ತಲೆ ಎತ್ತಿಕೊಂಡು ಸುಮ್ಮನೆ ನಿಂತಿವೆ, ಒಂದೂ ಬಾಯಿ ಹಾಕುತ್ತಿಲ್ಲ. ರೋಗವೇ ಬಂತು ಎಂದುಕೊಂಡೆ. ಕಾಲೇಜಿನಿಂದ ಬಂದ ಚೈತ್ರ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡಳು. "ಅಮ್ಮ, ಇದೇನು ಪೆಟ್ರೋಲ್ ಬಂಕಾ? ಅಜ್ಜಿ ಇದ್ದಿದ್ರೆ ನಿನ್ನನ್ನೇ ಹೊರಗೆ ಹಾಕ್ತಿದ್ಲು."

ಹದಿನೈದು ದಿನದಿಂದ ಗಾಡಿಯ ವಾಸನೆಗೆ ಒಗ್ಗಿಕೊಂಡು ಖುಷಿಯಾಗಿ ತಿರುಗುತ್ತಿದ್ದ ನನ್ನ ಮೂಗಿಗೆ ಏನೂ ಗೊತ್ತಾಗಿರಲಿಲ್ಲ ಅತ್ತೆ. ಗೋಣಿ ಮೂಸಿದೆ, ಪೆಟ್ರೋಲು. ಸೊಪ್ಪು ಮೂಸಿದೆ, ಪೆಟ್ರೋಲು. ಸೀಟಿನ ಹಿಂದೆ ಟ್ಯಾಂಕಿನ ಮುಚ್ಚಳದ ಸುತ್ತ ಒದ್ದೆ. ನೀನು ಪೌಡರಿನ ವಾಸನೆಗೇ ನನ್ನನ್ನು ಅಟ್ಟಿದವಳು, ನಾನು ನಿನ್ನ ಹುಳಕ್ಕೆ ಪೆಟ್ರೋಲಿನ ಊಟ ಬಡಿಸಿದ್ದೆ. ಆ ಕ್ಷಣ ನೀನು ಬಾಗಿಲಲ್ಲಿ ನಿಂತಿರಬಾರದಿತ್ತೇ, ಬೈದಾದರೂ ಏನು ಮಾಡಬೇಕು ಎಂದು ಹೇಳಬಾರದಿತ್ತೇ ಎಂದು ಗೋಡೆಗೆ ಒರಗಿ ಅತ್ತುಬಿಟ್ಟೆ.

ಅತ್ತದ್ದು ಸ್ವಲ್ಪ ಹೊತ್ತು ಅಷ್ಟೇ. ಏಕೆಂದರೆ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು, ಇಪ್ಪತ್ತು ವರ್ಷ ನಿನ್ನ ಪಕ್ಕದಲ್ಲಿ ನಿಂತ ಕೈ ಅದು. ಗಾಡಿಯನ್ನು ಬೀದಿಯ ಹುಣಸೆ ಮರದ ಕೆಳಗೆ ಅಟ್ಟಿದೆ, ಮಳೆಯಲ್ಲಿ ನೆನೆಯಲಿ ಎಂದೆ. ಕಿಟಕಿಗಳೆಲ್ಲ ತೆಗೆದೆ. ಕೆಟ್ಟ ಸೊಪ್ಪು ಎತ್ತಿ ದೂರದ ಗುಂಡಿಗೆ ಹಾಕಿದೆವು. ತಟ್ಟೆಗಳಲ್ಲಿ ಹುಳುವಿನ ಹಾಸಿಗೆ ಬದಲಾಯಿಸಿ, ಸುಣ್ಣದ ಪುಡಿ ಉದುರಿಸಿ, ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು ಕೆರೆ ಆಚೆಗೆ ನಡೆದೆ. ಹೊಸ ಸೊಪ್ಪನ್ನು ತಲೆ ಮೇಲೆ ಹೊತ್ತುಕೊಂಡೇ ಬಂದೆ, ನೀನು ತರುತ್ತಿದ್ದ ಹಾಗೆ. ಒರೆಸಿ ಆರಿಸಿ ಹಾಕಿದೆ. ನಿನ್ನ ಮಗನಿಗೆ ಏನೂ ಮುಚ್ಚಿಡದೆ ಹೇಳಿದೆ. ಅವನು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಬೆಳಿಗ್ಗೆಗೆ ಹುಳ ಉಂಡಿದ್ರೆ ಗಾಡಿ ಇರ್ಲಿ. ಉಣ್ದೆ ಹೋದ್ರೆ ನಾನೇ ತಗೊಂಡೋಗಿ ಮಾರ್ಬಿಟ್ಟು ಬರ್ತೀನಿ," ಎಂದಷ್ಟೇ ಹೇಳಿದ.

ಬೆಳಿಗ್ಗೆ ಹುಳು ನೋಡುವ ಮೊದಲು ನೀನು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ನಾನೂ ಹಾಗೇ ನಿಂತೆ. ಏನೂ ಕೇಳಲಿಲ್ಲ. ಇನ್ನೊಂದು ಸಲ, ಉಸಿರು ಹಿಡಿದು... ಆಗ ಕೇಳಿತು ನೋಡು, ಆ ಸಣ್ಣ ಸರಸರ ಸದ್ದು, ಸಾವಿರ ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು. ಕಿಟಕಿ ಪಕ್ಕದ ಎರಡು ತಟ್ಟೆ ಹುಳು ಸತ್ತುಹೋದವು, ಸುಳ್ಳು ಹೇಳುವುದಿಲ್ಲ. ಉಳಿದವೆಲ್ಲ ಹಸಿದು ಉಣ್ಣುತ್ತಿದ್ದವು. ಹಿಂದೆ ತಿರುಗಿದರೆ ನಿನ್ನ ಮಗನೂ ನಿಂತು ಕೇಳುತ್ತಿದ್ದ. ನನ್ನನ್ನು ನೋಡಿ, ಟೆಂಪೋಗೆ ಹೊತ್ತಾಯಿತು ಎಂದು ಹೊರಟುಬಿಟ್ಟ.

ಸಾದಿಕ್ ಅಣ್ಣ ಮುಚ್ಚಳ ತಿರುಗಿಸಿ ತೋರಿಸಿದಾಗ ನನಗೆ ನಗು ಬಂತು. ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿಹೋಗಿತ್ತು. ಬಳೆಗಿಂತ ಚಿಕ್ಕ ರಬ್ಬರು! ಅರ್ಧ ಟ್ಯಾಂಕಿದ್ದರೆ ತುಳುಕುವುದಿಲ್ಲ. ನರ್ಸಮ್ಮ ಇಷ್ಟು ವರ್ಷ ಅದನ್ನೇ ಮಾಡಿದ್ದರು, ನನಗೂ ಅದನ್ನೇ ಹೇಳಿದ್ದರು. ಹೊಸದು ಹಾಕಿಸಿದೆ, ಸೀಟಿನ ಸ್ಪಂಜೂ ಬದಲಾಯಿಸಿದೆ. ಈಗ ಸೊಪ್ಪು ಬರುವುದು ಮುಂದೆ, ಕಾಲಿಡುವ ಜಾಗದಲ್ಲಿ, ತೊಳೆದ ಪ್ಲಾಸ್ಟಿಕ್ ಹಾಳೆ ಮೇಲೆ. ಹೊರೆ ಚಿಕ್ಕದಾದರೆ ಎರಡು ಸಲ ಹೋಗಿ ಬರುತ್ತೇನೆ, ನನಗೇನು, ಖುಷಿಯೇ. ಗಾಡಿಗೆ ಹುಣಸೆ ಮರದ ಕೆಳಗೆ ತಗಡಿನ ಚಪ್ಪರ ಹಾಕಿದ್ದೇವೆ. ಅಲ್ಲಿಂದ ಈಚೆಗೆ ಅದು ಬರುವ ಹಾಗಿಲ್ಲ. ಬಾಗಿಲಲ್ಲಿ ಮೂಸುವ ಕೆಲಸ ಈಗ ನನ್ನದು. ಮೊನ್ನೆ ಚೈತ್ರ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಾಗ ವಾಪಸ್ ಕಳಿಸಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ಗೊತ್ತಾಯಿತು, ಆದರೂ ಗೊತ್ತಾಗದವಳ ಹಾಗೆ ಇದ್ದೆ. ನೀನೂ ಆಗ ಹಾಗೇ ಇದ್ದೆಯಾ ಅತ್ತೆ?

ಹುಳು ಹಣ್ಣಾಗಿ, ಗೂಡು ಕಟ್ಟಲಿ ಎಂದು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನ, ಗೂಡು ಬಿಡಿಸಿದ ದಿನ, ಎಲ್ಲ ಬರೆದರೆ ಈ ಕಾಗದ ಮುಗಿಯುವುದಿಲ್ಲ. ಗೂಡು ಗಟ್ಟಿಯಾಗಿ, ಬೆಳ್ಳಗೆ, ಒಂದೇ ಸಮನಾಗಿ ಬಂದವು. ಪ್ರತಿ ಬೆಳೆಯ ಮೊದಲ ಐದು ಗೂಡು ದಾರಕ್ಕೆ ಪೋಣಿಸಿ ಹುಳುವಿನ ಮನೆ ಬಾಗಿಲಿಗೆ ನೀನು ಕಟ್ಟುತ್ತಿದ್ದೆ. ನಾನೂ ಕಟ್ಟೋಣವೆಂದು ಸೂಜಿ ದಾರ ತಂದರೆ, ಐದು ಗೂಡು ಬಾಗಿಲಲ್ಲಿ ಆಗಲೇ ನೇತಾಡುತ್ತಿದ್ದವು. ನಿನ್ನ ಮಗ ಇನ್ನೊಂದು ಸರ ಹಿಡಿದುಕೊಂಡು ಹುಣಸೆ ಮರದ ಕಡೆ ಹೋಗಿ ಗಾಡಿಯ ಹ್ಯಾಂಡಲ್‌ಗೆ ಕಟ್ಟುತ್ತಿದ್ದ. ನಾನು ನೋಡಿದ್ದನ್ನು ಅವನು ನೋಡಿದ. "ಅಮ್ಮ ಇದ್ದಿದ್ರೆ ಕಟ್ತಿದ್ಲು," ಎಂದ. ಗೂಡು ಅವನ ಟೆಂಪೋದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಹೋಯಿತು. ನಾನು ಹೆಲ್ಮೆಟ್ ಹಾಕಿಕೊಂಡು ನನ್ನ ಗಾಡಿಯಲ್ಲಿ ಹೋದೆ, ಟೆಂಪೋ ಹಿಂದೆ ಅಲ್ಲ, ಮುಂದೆ.

ಇವತ್ತು ಮಧ್ಯಾಹ್ನ ಮತ್ತೆ ಮರಿ ಹುಳು ತಂದೆ. ಎರಡನೇ ಬೆಳೆ ಶುರು. ಹುಳುವಿನ ಮನೆಯ ಬೀಗದ ಕೈಯನ್ನು ಇಷ್ಟು ದಿನ ನಿನ್ನ ಹಾಗೇ ಸೆರಗಿಗೆ ಕಟ್ಟಿಕೊಂಡಿದ್ದೆ, ಗಾಡಿ ಓಡಿಸುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಗಂಟು ಒತ್ತುತ್ತದೆ. ಈಗ ಅದನ್ನು ಬಿಚ್ಚಿ ಗಾಡಿ ಕೀಯ ರಿಂಗಿಗೇ ಸೇರಿಸಿದ್ದೇನೆ. ಏರಿ ಮೇಲೆ ಹೋಗುವಾಗ ಎರಡೂ ತಾಗಿ ಗಿಲಗಿಲ ಎನ್ನುತ್ತವೆ. ಆವತ್ತು ಆಸ್ಪತ್ರೆಯಲ್ಲಿ ನನ್ನ ಕೈಲಾಗುವುದಿಲ್ಲ ಎಂದಿದ್ದೆನಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದೆಯಲ್ಲ, ಈಗ ಈ ಕಡೆ ತಿರುಗು ಅತ್ತೆ.

ನಿನ್ನ ಬೆಳೆ ತೆಗೆದೆ.

ನಿನ್ನ ಸುಜಿ