ಮೇಲೂ ಇಲ್ಲ, ಕೆಳಗೂ ಇಲ್ಲ

ನಮ್ಮ ಮನೆಯ ಮಹಡಿ,
ಮಾರ್ಚ್ ೧೨, ಮಂಗಳವಾರ ಸಂಜೆ

ಪ್ರೀತಿಯ ಅಮ್ಮಾ,

ಹೋಯಿತಮ್ಮಾ, ಕೊನೆಗೂ ನನ್ನ ಕ್ರೀಮು ಚರ್ಮದೊಳಗೆ ಹೋಯಿತು! ಮೊದಲು ಕ್ಷೇಮ ವಿಚಾರಿಸಬೇಕಿತ್ತು, ತಡೆಯಲಾಗಲಿಲ್ಲ. ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಲಾಂಡ್ರಿಗೆ ಹೊಸ ಮೆಷಿನ್ ಬಂದ ಮೇಲಾದರೂ ಕಾಲರುಗಳನ್ನು ಕೈಯಲ್ಲಿ ಉಜ್ಜುವುದು ಬಿಟ್ಟೆಯಾ? ಬಿಟ್ಟಿರುವುದಿಲ್ಲ, ಗೊತ್ತು. ನಾನಿಲ್ಲಿ ಸುಖವಾಗಿದ್ದೇನೆ, ನಾಚಿಕೆಯಾಗುವಷ್ಟು. ನಿನ್ನ ಅಳಿಯ ದಿನಾ ಬೆಳಗ್ಗೆ ಚಹಾ ಮಾಡಿ ಎಬ್ಬಿಸುತ್ತಾರೆ. ಬಿಸಿನೀರಿಗೆ ಬಣ್ಣ ಬಂದಂತಿರುತ್ತದೆ, ಅಮೃತ ಎನ್ನುತ್ತೇನೆ. ಮದುವೆಯಾದ ಮೇಲೆ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆ ನೋಡು!

ಈಗ ಕಥೆ ಕೇಳು. ಒಡೆದ ಕೈಗಳಿಗೆ ಕ್ರೀಮು ತಯಾರಿಸುವ ಕೆಲಸ ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದಾಗ ನಿನ್ನ ವಿಷಯ ಯಾರಿಗೂ ಹೇಳಲಿಲ್ಲ. ಆದರೆ ಕಣ್ಣ ಮುಂದಿದ್ದದ್ದು ಸೋಪು, ಬ್ಲೀಚುಗಳಲ್ಲಿ ನೆಂದು ಸೀಳಿದ ನಿನ್ನ ಅಂಗೈಗಳೇ. ನನಗೆ ಜ್ವರ ಬಂದಾಗಲೂ ನೀನು ಕೈಯ ಹಿಂಬದಿಯಿಂದಲೇ ಮುಟ್ಟಿ ನೋಡುತ್ತಿದ್ದೆ. ನಾನು ತಂದುಕೊಟ್ಟ ಕ್ರೀಮನ್ನೆಲ್ಲ ನೀನು ಹಚ್ಚಿದ ಮರುಗಳಿಗೆ ತೊಳೆದುಬಿಡುತ್ತಿದ್ದೆ. "ಎಲ್ಲಾ ಮೇಲೇ ಕೂತಿರುತ್ತೆ ಕಣೇ. ಗಿರಾಕಿ ಬಿಳಿ ಶರ್ಟಿಗೆ ಜಿಡ್ಡು ಹತ್ತಿದ್ರೆ ನೀನು ಬಂದು ಬೈಸ್ಕೋತೀಯಾ?" ಎನ್ನುತ್ತಿದ್ದೆ. ಆದ್ದರಿಂದ ನನಗೆ ಒಳಗೆ ಇಳಿಯುವ ಕ್ರೀಮೇ ಬೇಕಿತ್ತು.

ಅಮ್ಮಾ, ಚರ್ಮ ಎಂಥ ಸೋಜಿಗ ಗೊತ್ತಾ! ತೀರಾ ಹೊರಗಿನ ಪದರ ಕಾಗದಕ್ಕಿಂತ ತೆಳು. ಸತ್ತ ಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ಅಷ್ಟು ಸಣ್ಣ ಗೋಡೆ ಧೂಳು, ನೀರು, ಕ್ರಿಮಿಗಳನ್ನೆಲ್ಲ ಹೊರಗೇ ನಿಲ್ಲಿಸುತ್ತದೆ. ವಾಸಿ ಮಾಡಲು ಬಂದ ಮದ್ದನ್ನೂ! ಅದಕ್ಕೇ ದಾರಿ ಬಿಡಿಸುವ ಪದಾರ್ಥವೊಂದನ್ನು ಬೆರೆಸಬೇಕು. ಯಾವುದು, ಎಷ್ಟು? ಆಲ್ಕೋಹಾಲ್ ಬಿರುಕಿಗೆ ಉರಿ. ಎಣ್ಣೆಯಿಂದ ಬರುವ ಓಲಿಯಿಕ್ ಆಮ್ಲ ಮದ್ದನ್ನು ಸರಾಗವಾಗಿ ದಾಟಿಸಿತು. ಕುಣಿದಾಡಿಕೊಂಡು ನನ್ನ ತೋಳಿಗೇ ಹಚ್ಚಿಕೊಂಡೆ. ಮಾರನೆಯ ದಿನ ಕೆಂಪಗೆ ಊದಿತ್ತು. ನಮ್ಮ ಲ್ಯಾಬಿನ ಮೇಡಂ ನೋಡಿ, "ಬಾಗಿಲು ತಟ್ಟು ಅಂದ್ರೆ ಗೋಡೆನೇ ಕೆಡವಿದ್ಯಲ್ಲಮ್ಮ ಮದುಮಗಳೇ" ಎಂದರು.

ಆಮೇಲೆ ಯೂರಿಯಾ. "ಹೊಲಕ್ಕೆ ಹಾಕ್ತಾರಲ್ಲ, ಅದಾ?" ಎಂದು ನಿನ್ನ ಅಳಿಯ ಬೆಚ್ಚಿಬಿದ್ದರು. ಅದೇ, ಶುದ್ಧ ಮಾಡಿದ್ದು. ನಮ್ಮ ಚರ್ಮದಲ್ಲೂ ಒಂದಿಷ್ಟು ಇರುತ್ತದೆ. ನೀರನ್ನು ಹಿಡಿದಿಟ್ಟು ಗಡಸು ಪದರವನ್ನು ಮೆತ್ತಗೆ ಮಾಡುತ್ತದೆ. ಪರೀಕ್ಷೆಗೆ ಎರಡು ಗಾಜಿನ ಬಟ್ಟಲುಗಳ ನಡುವೆ ಹಂದಿಯ ಕಿವಿಯ ಚರ್ಮ ಬಿಗಿದಿರುತ್ತೇವೆ (ಮುಖ ಸಿಂಡರಿಸಬೇಡ). ಮೇಲೆ ಕ್ರೀಮು ಹಚ್ಚಿ, ಕೆಳಗಿನ ಬಟ್ಟಲಿಗೆ ಮದ್ದು ಎಷ್ಟು ಇಳಿಯಿತೆಂದು ಅಳೆಯುತ್ತೇವೆ. ಯೂರಿಯಾ ಬೆರೆಸಿದ್ದರಲ್ಲಿ ಏನೂ ಇಳಿದಿರಲಿಲ್ಲ. ಅಳುಮೋರೆ ಹಾಕಿಕೊಂಡು ಅದನ್ನು ಚೆಲ್ಲಲು ಹೊರಟಿದ್ದೆ. ಮೇಲೆ ಉಳಿದಿದೆಯಾ ನೋಡು ಎಂದರು ಮೇಡಂ. ಒರೆಸಿ ಅಳೆದರೆ ಅಲ್ಲೂ ಅಷ್ಟಾಗಿ ಇಲ್ಲ. "ಮೇಲೂ ಇಲ್ಲ, ಕೆಳಗೂ ಇಲ್ಲ. ಮತ್ತೇನು ರೆಕ್ಕೆ ಬಂತಾ? ಮಧ್ಯ ಹುಡುಕೇ!" ಎಂದರವರು.

ಚರ್ಮವನ್ನೇ ಸಣ್ಣಗೆ ಕತ್ತರಿಸಿ, ಒಳಗಿದ್ದದ್ದನ್ನು ಬಿಡಿಸಿ ಅಳೆದೆ. ಅಲ್ಲಿತ್ತಮ್ಮಾ, ಕಾಣೆಯಾದದ್ದಷ್ಟೂ ಅಲ್ಲೇ ಇತ್ತು! ದಾಟಿ ಹೋಗುವುದೇ ಗೆಲುವೆಂದು ಇಷ್ಟು ದಿನ ಕೆಳಗಿನ ಬಟ್ಟಲನ್ನೇ ನೋಡುತ್ತಿದ್ದೆ. ದಾಟಿದ್ದು ರಕ್ತಕ್ಕೆ ಸೇರಿಬಿಡುತ್ತದೆ. ಬಿರುಕಿಗೆ ಬೇಕಿದ್ದದ್ದು ಬಂದು ಅಲ್ಲೇ ನೆಲೆಸುವ ಮದ್ದು. ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ, ಯಾರೋ ಆಗತಾನೇ ಕೊಟ್ಟ ಉಡುಗೊರೆಯಂತೆ. ಮತ್ತೆ ಮತ್ತೆ ಮಾಡಿದರೂ ಅದೇ ಫಲ. ಹಚ್ಚಿ ನೋಡಲು ಒಪ್ಪಿ ಬಂದವರ ಕೈಗಳೂ ಕೆಂಪಾಗಲಿಲ್ಲ. ಮೊನ್ನೆ ಮೇಡಂ ಒಂದು ಟ್ಯೂಬನ್ನು ನನ್ನ ಕೈಗಿಟ್ಟು, "ಅಮ್ಮನಿಗೆ ತಾನೇ?" ಎಂದರು. ನಾನು ಬಾಯಿಬಿಟ್ಟೇ ಇರಲಿಲ್ಲ!

ಅತ್ತೆ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಇಂಗ್ಲಿಷ್ ಮೀಡಿಯಂ ಮಗಳ ಒತ್ತಕ್ಷರಗಳಿಗೆ ನಗಬೇಡ. ಇಬ್ಬರ ನಮಸ್ಕಾರಗಳು.

ನಿನ್ನ,
ಚಿನಕುರುಳಿ

ಮರೆತೆ: ರಕ್ತ ಜಿನುಗುವ ಬಿರುಕಿಗೆ ಇದನ್ನು ಹಚ್ಚಬಾರದು, ಅದು ಮೊದಲು ಮಾಯಲಿ. ಕೈ ಮೆತ್ತಗಾಗಲು ವಾರಗಳೇ ಬೇಕಂತೆ. ಅಷ್ಟು ದಿನ ನಾನು ಕಾಯಲಾರೆ. ಮದುವೆಯ ದಿನವೂ "ಗೀರುತ್ತೆ ಕಣೇ" ಎಂದು ಕೈಯ ಹಿಂಬದಿಯಿಂದಲೇ ನನ್ನ ಕೆನ್ನೆ ಸವರಿದೆಯಲ್ಲ. ಈ ಸಲ ನಾನು ಬಂದಾಗ ಅಂಗೈ ಇಡು, ಹೇಗಿದೆಯೋ ಹಾಗೇ. ಗೀರಿದರೆ ಗೀರಲಿ. ಸ್ಟೇಷನ್ನಿಗೆ ಬಾ. ಶನಿವಾರ, ಬೆಳಗಿನ ಮೊದಲ ಪ್ಯಾಸೆಂಜರ್.