ಮಡಿಕೆಗೆ ಸಿಗದ ಸಾಲು

ಗುರುವಾರ, ಹದಿನಾಲ್ಕು.

ಆ ಕೋರ್ಟಿನ ಆದೇಶ ಬರೆದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆರು ಪುಟ. ಇಸ್ತ್ರಿ ಅಂಗಡಿ ನಡೆಸುವ ತಂಗಿ, ಅಪ್ಪನ ಬಳಿ ಇರುವ ಮಗಳನ್ನು ಪ್ರತಿ ಶನಿವಾರ ಶಾಲೆಯಿಂದ ಕರೆದೊಯ್ಯಬಹುದು ಎಂಬ ಒಂದೇ ಮಾತನ್ನು ನಾಲ್ಕನೇ ಪುಟದಲ್ಲಿ ಹೂತಿಟ್ಟಿದ್ದಾರೆ. ಪರ್ಸಿನಲ್ಲಿ ಮಡಚಿಟ್ಟು ಮಡಚಿಟ್ಟು ಆ ಸಾಲೇ ಸವೆದುಹೋಗಿದೆ. ಹೋದ ವಾರ ಗೇಟಿನ ಕಾವಲುಗಾರ ಓದಲಾಗದೆ ಅವಳನ್ನು ವಾಪಸು ಕಳಿಸಿದ. ಮಗು ಕಿಟಕಿಯಿಂದ ನೋಡುತ್ತಿತ್ತಂತೆ.

ಅದಕ್ಕೇ ಒಂದು ಪುಟದ ಸಾರಾಂಶ ಮಾಡಿದೆ. ಮುದ್ರೆ ಒತ್ತಿಕೊಡಲು ಕೋರ್ಟಿನ ಕಚೇರಿ ಒಪ್ಪಿದೆ. ತಾಯಿಯ ಫೋಟೊ, ವಾರ, ಹೊತ್ತು, ಎಲ್ಲ ಮೇಲ್ಗಡೆ, ದಪ್ಪಕ್ಷರದಲ್ಲಿ. ಇವತ್ತು ಅವಳಿಗೆ ತೋರಿಸಿದೆ.

"ಮಡಿಕೆ ಎಲ್ಲಿ ಬೀಳುತ್ತೆ ಅಂತ ನನ್ನನ್ನ ಕೇಳಣ್ಣ, ಅದೇ ನನ್ನ ಕಸುಬು" ಎಂದು ಮೇಜಿನ ಮೇಲೆ ನಾಲ್ಕಾಗಿ ಮಡಚಿ ಬಿಚ್ಚಿದಳು. ಎರಡು ಸಾಲು ಸರಿಸಿದೆ. ಈಗ ಮಡಿಕೆ ಅಕ್ಷರಕ್ಕೆ ತಾಗುವುದಿಲ್ಲ.

ಆಮೇಲೆ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ತಡೆದವರಿಗೆ ಶಿಕ್ಷೆ ಎಂದು ಕೆಂಪಕ್ಷರದಲ್ಲಿ ಹಾಕಿದ್ದೆ.

"ಇದು ಯಾರಿಗೆ ಬೈದಿದ್ದು?"

"ತಡೆಯೋರಿಗೆ."

"ಮೊದಲು ಓದೋಳು ನನ್ನ ಮಗಳು. ಎರಡನೇ ಕ್ಲಾಸು, ಕಂಡಿದ್ದೆಲ್ಲ ಜೋರಾಗಿ ಓದ್ತಾಳೆ. ಅಪ್ಪನ್ನ ಹಿಡ್ಕೊಂಡು ಹೋಗ್ತಾರಾ ಅಂದ್ರೆ ಏನ್ ಹೇಳ್ಲಿ?"

ಇಪ್ಪತ್ತು ವರ್ಷ ಭಿತ್ತಿಪತ್ರಗಳಿಗೆ ಕೆಂಪು ಬಳಿದ ಕೈ ಇದು. ಆ ಮಗುವಿನ ಕಣ್ಣು ನನಗೇಕೆ ಕಾಣಲಿಲ್ಲ?

ಆ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದೆ.

"ಖಾಲಿ ಬಿಡಣ್ಣ. ಅವಳೇ ಏನಾದ್ರೂ ಗೀಚ್ತಾಳೆ."

ಬಿಟ್ಟಿದ್ದೇನೆ, ಅಂಗೈಯಗಲ. ನಾಳೆ ಮುದ್ರೆ. ನಾಡಿದ್ದು ಶನಿವಾರ.